ಮೂರು ಮಲಗಿದೆ

ಆಕೆಯ ಹೆಸರು ಹಾಜರಿ ಪುಸ್ತಕದಲ್ಲಿ ಉಂಟು. ಕಾರ್ಖಾನೆಯ ಬಾಯಲ್ಲಿ ಇಲ್ಲ. ಅಲ್ಲಿ ಆಕೆ ಎಲ್ಲರಿಗೂ ಪಟ್ಟಿಯಮ್ಮ. ಕೊರೆಯುವ ಯಂತ್ರಗಳಿಗೆ ಬೀಡುಕಬ್ಬಿಣದ ಪೀಠಗಳನ್ನು ಎರಕ ಹೊಯ್ದು, ನಯಗೊಳಿಸಿ ಕಳುಹಿಸುವ ಆ ಕಾರ್ಖಾನೆಯಲ್ಲಿ, ಯಾವ ಯಂತ್ರ ಯಾವ ಕೆಲಸವನ್ನು ಯಾವ ದಿನ ಮಾಡತಕ್ಕದ್ದೆಂಬ ಪಟ್ಟಿಯನ್ನು ಬೆಳಗ್ಗೆ ಕರಿಹಲಗೆಯ ಮೇಲೆ ಬರೆಯುವುದು ಇಪ್ಪತ್ತಾರು ವರ್ಷಗಳಿಂದ ಆಕೆಯ ಕೆಲಸ. ಅಕ್ಷರ ದುಂಡು, ಮಾತು ಚೂಪು. ಬಳಪ ಹಿಡಿಯುವ ಮುನ್ನ ಕ್ಷಣಕಾಲ ಕಣ್ಣುಮುಚ್ಚಿ ದೇವರನ್ನು ನೆನೆಯುವಳು. ಬರೆದಾದ ಮೇಲೆ ಆ ದೇವರೇ ಬಂದು ಬೇಡಿದರೂ ಪಟ್ಟಿ ಬದಲಿಸಳೆಂಬುದು ಕೆಲಸಗಾರರ ಅಂಬೋಣ.

ಯಜಮಾನರು ಆಕೆಗೆ ಅಕ್ಕನ ಗಂಡ. ಒಂದು ದಿನ ಅವರು ಆಕೆಯ ಮೇಜಿನ ಮೇಲೆ ಹೊಸ ಕಂಪ್ಯೂಟರ್ ತಂದಿರಿಸಿದರು. ಕಚ್ಚಾ ಸರಕು ಬರುವುದರಿಂದ ಹಿಡಿದು ಸಿದ್ಧವಸ್ತು ಲಾರಿ ಏರುವವರೆಗೆ ಇಡೀ ಕಾರ್ಖಾನೆಯ ಆಗುಹೋಗುಗಳನ್ನು ನೋಡಿಕೊಳ್ಳುವ ಈಆರ್‌ಪಿ ತಂತ್ರಾಂಶ ಅದರಲ್ಲಿತ್ತು. ಕಡತಗಳೆಲ್ಲ ಇಲ್ಲಿರದೆ ಎಲ್ಲೋ ದೂರದ ಕ್ಲೌಡ್‌ನಲ್ಲಿ ಇರತಕ್ಕವು.

“ಮೂರು ವಾರ ಪುಕ್ಕಟೆ ಕೊಟ್ಟಿದಾರೆ. ಪಕ್ವ ಆಗಿದೆಯೋ ಇಲ್ವೋ ನೀನೇ ನೋಡಿ ಹೇಳು. ನೀನು ಹೂಂ ಅಂದ್ರೆ ಸಹಿ, ಊಹೂಂ ಅಂದ್ರೆ ವಾಪಸ್ಸು.”

“ಕುರಿನ ಕೇಳಿ ಮಸಾಲೆ ಅರೀತಾರಾ ಭಾವ?”

“ಈ ಕುರಿಗೆ ಉಪ್ಪು ಖಾರ ಎಲ್ಲಾ ಗೊತ್ತಲ್ಲ, ಅದಕ್ಕೇ ಕೇಳ್ತಿರೋದು!”

ಆಕೆಯೂ ನಕ್ಕಳು. ಆದರೆ ಪರಿಹಾಸ್ಯದ ಮುಳ್ಳು ಒಳಗೇ ಉಳಿಯಿತು. ತಂತ್ರಾಂಶ ಒಳ್ಳೆಯದಾಗಿದ್ದರೆ ಹಲಗೆ ಇಳಿಯುವುದು. ಹಲಗೆ ಇಳಿದರೆ ಅದರ ಮುಂದೆ ನಿಂತವಳ ಗತಿ?

“ಗುಡುಗೋ ಮೋಡ ಸುರಿಯಲ್ಲ ಅಮ್ಮ,” ಎಂದು ಯಂತ್ರಶಾಲೆಯ ಮೇಸ್ತ್ರಿ ಧೈರ್ಯ ಹೇಳಿದನು. ಪಟ್ಟಿಯಮ್ಮ ಗಾದೆಯನ್ನು ನೆಚ್ಚದೆ ಪರೀಕ್ಷೆಗೆ ತೊಡಗಿದಳು. ಸರಕಿನ ವಿವರ ತುಂಬುತ್ತ ನಟ್ಟನಡುವೆ ಇಂಟರ್‌ನೆಟ್ಟಿನ ವೈರನ್ನೇ ಕಿತ್ತಳು. ಮರಳಿ ಚುಚ್ಚಿದಾಗ ಆ ವಿವರ ಕಳೆದಿರಲಿಲ್ಲ, ಎರಡು ಸಲ ಬಿದ್ದೂ ಇರಲಿಲ್ಲ. ತಂತ್ರಾಂಶದ ಕಂಪನಿಯಿಂದ ಫೋನಿನಲ್ಲಿ ತರಬೇತಿ ಕೊಡುತ್ತಿದ್ದ ಹೆಣ್ಣುಮಗಳಿಗೆ, “ಹೊಗಳೋರ ನಂಬರ್ ಬೇಡ ಕಣಮ್ಮ, ಬೈಯೋ ಗಿರಾಕಿ ಇದ್ರೆ ಕೊಡು,” ಎಂದಳು. ಆ ಗಿರಾಕಿ ಅರ್ಧ ಗಂಟೆ ಬೈದು, ಕೊನೆಗೆ, “ಆದ್ರೂ ಇದನ್ನ ಬಿಟ್ಟು ಇರೋಕಾಗಲ್ಲ ನೋಡಿ,” ಎಂದನು. “ಬರೋ ದಾರಿ ತೋರಿಸಿದೆ, ಬಿಟ್ಟು ಹೋಗೋ ದಾರಿನೂ ತೋರಿಸು,” ಎಂದು ತಮ್ಮ ಕಡತಗಳನ್ನೆಲ್ಲ ಮರಳಿ ಇಳಿಸಿಕೊಳ್ಳುವ ಬಗೆಯನ್ನು ಕೇಳಿ, ಇಳಿಸಿ, ಎಣಿಸಿದಳು. ಒಂದೂ ಕಡಮೆಯಿರಲಿಲ್ಲ. ಅದು ತೇರ್ಗಡೆಯಾದಾಗಲೆಲ್ಲ ಆಕೆಗೆ ಅರ್ಧ ಸಂತೋಷ, ಅರ್ಧ ಸಂಕಟ.

ಮೂರನೆಯ ವಾರ ತಂತ್ರಾಂಶ ಎಡವಿತು. ಎರಕದ ಪೀಠವನ್ನು ಹಸಿಯಾಗಿ ನಯಗೊಳಿಸಿದರೆ ಅದು ಮುಂದೆ ಸೊಟ್ಟಗಾಗುವುದು. ಆದ್ದರಿಂದ ಹತ್ತು ದಿನ ಸುಮ್ಮನೆ ಇರಿಸುವರು. ಇದಕ್ಕೆ ಅಲ್ಲಿಯವರ ಮಾತು ‘ಮಲಗಿಸುವುದು’. ಹತ್ತು ದಿನ ಮಲಗಿ ಎದ್ದಿದ್ದ ಮೂರನೆಯ ಬ್ಯಾಚನ್ನು ಪರದೆ ಮತ್ತೆ ಹತ್ತು ದಿನ ಮಲಗಿಸಿತ್ತು. ಬೆಲ್ಟು ಹರಿದು ಕುಳಿತಿದ್ದ ಮೂರನೆಯ ಯಂತ್ರಕ್ಕೆ ಮೈತುಂಬ ಕೆಲಸ ಹಚ್ಚಿತ್ತು.

ಯಜಮಾನರು ಕನ್ನಡಕವನ್ನು ಹಣೆಗೇರಿಸಿದರು. “ಎದ್ದಿರೋದನ್ನ ಮಲಗಿಸಿ, ಮಲಗಿರೋದನ್ನ ದುಡಿಸ್ತಿದೆಯಲ್ಲೇ! ವಾಪಸ್ ಕಳಿಸೋಣ್ವಾ?”

‘ಹೂಂ’ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಅದು ಬಂದ ರಭಸವೇ ಆಕೆಗೆ ಸಂಶಯ ತಂದಿತು. “ಸಂಜೆವರೆಗೆ ಟೈಮ್ ಕೊಡಿ ಭಾವ,” ಎಂದು ತರಬೇತಿಯವಳಿಗೆ ಫೋನ್ ಹಚ್ಚಿದಳು.

“ದಾಖಲೆ ನೋಡಿದೆ ಅಮ್ಮ, ನಿನ್ನೆ ಹನ್ನೊಂದೂ ಕಾಲಿಗೆ ನೀವೇ ಮೂರನೇ ಬ್ಯಾಚ್ ಮಲಗಿದೆ ಅಂತ ಒತ್ತಿದೀರಿ.”

“ಮೇಸ್ತ್ರಿ ಫೋನ್ ಮಾಡಿ ಮೂರು ಮಲಗಿದೆ ಅಂದ್ರಲ್ಲ!”

“ನಾನು ಹೇಳಿದ್ದು ಮಿಷನ್ನು!” ಎಂದು ಪಕ್ಕದಲ್ಲೇ ಇದ್ದ ಮೇಸ್ತ್ರಿ ಹಣೆ ಚಚ್ಚಿಕೊಂಡನು.

ಕೆಟ್ಟ ಯಂತ್ರಕ್ಕೂ ಅವರು ಮಲಗಿದೆ ಎಂದೇ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷ ಈ ಒಂದು ಮಾತು ಎರಡು ಅರ್ಥಗಳನ್ನು ಹೊತ್ತು ಎಲ್ಲಿಯೂ ಎಡವದೆ ನಡೆದಿತ್ತು. ಹೇಳಲು ಬಂದವನ ಮುಖ ತಿಳಿಯಾಗಿದ್ದರೆ ಮಲಗಿರುವುದು ಕಬ್ಬಿಣ, ಗಂಟಿಕ್ಕಿದ್ದರೆ ಯಂತ್ರ ಎಂದು ಆಕೆ ತಿಳಿಯುತ್ತಿದ್ದಳು. ಈಗ ಕಂಪ್ಯೂಟರಿನ ಮುಂದಿನಿಂದ ಏಳಲು ಬಿಡುವಿಲ್ಲದೆ ವರದಿಗಳನ್ನು ಫೋನಿನಲ್ಲಿ ಕೇಳತೊಡಗಿದ್ದಳು. ಫೋನಿಗೆ ಮುಖವೆಲ್ಲಿಯದು?

ಮೇಸ್ತ್ರಿ ದನಿ ತಗ್ಗಿಸಿದನು. “ಸುಮ್ನಿದ್ಬಿಡಿ ಅಮ್ಮ. ಯಾರಿಗೆ ಗೊತ್ತಾಗುತ್ತೆ? ನಿಮ್ಮ ಹಲಗೆ ಉಳಿಯುತ್ತೆ.”

“ನಾಳೆ ಬೆಳಗ್ಗೆ ಬಳಪ ಹಿಡಿಯೋ ಮುಂಚೆ ಯಾವ ಮುಖ ಇಟ್ಕೊಂಡು ಕಣ್ಣು ಮುಚ್ಚಲಿ ಮೇಸ್ತ್ರಿ?”

ಸಂಜೆ ಯಜಮಾನರ ಎದುರು ನಿಂತು ಒಂದೇ ಉಸಿರಿಗೆ ಹೇಳಿದಳು: “ತಪ್ಪು ಅದರದ್ದಲ್ಲ, ನಂದು. ಅದು ಪಕ್ವವಾಗಿದೆ ಭಾವ, ನಮ್ಮ ಮಾತು ಇನ್ನೂ ಆಗಿಲ್ಲ. ಮೊದ್ಲು ಅದನ್ನ ಉಗ್ರಾಣದ ಲೆಕ್ಕಕ್ಕೆ ಮಾತ್ರ ಹಚ್ಚಿ. ಯಂತ್ರ ಕೆಟ್ರೆ ‘ನಿಂತಿದೆ’ ಅನ್ನೋದು ಎಲ್ರ ಬಾಯಿಗೂ ಬಂದ್ಮೇಲೆ ಯಂತ್ರಶಾಲೆಗೆ. ಸಹಿ ಮಾಡಿ.”

“ಆಮೇಲೆ ನೀನು?”

“ಅದನ್ನ ನೀವು ಹೇಳ್ಬೇಕು.”

ಯಜಮಾನರು ಪೆನ್ನಿನ ಮುಚ್ಚಳ ತೆಗೆದರು. “ಇಂಥ ಎರಡರ್ಥದ ಮಾತು ನಮ್ಮಲ್ಲಿ ಎಷ್ಟಿವೆ?”

“ಹುಡುಕಿದ್ರೆ ನಲವತ್ತು ಸಿಕ್ಕಾವು.”

“ಅದನ್ನೆಲ್ಲ ಬಿಡಿಸಿ ಕಂಪ್ಯೂಟರಿಗೆ ಹೇಳೋರು ಯಾರು, ನಾನಾ? ನಿಮ್ಮಕ್ಕ ಆಡೋ ಮಾತೇ ಮೂವತ್ತು ವರ್ಷದಿಂದ ನಂಗೆ ಅರ್ಥ ಆಗಿಲ್ಲ. ಹೋಗಿ ಆ ಕೆಲಸ ಶುರು ಮಾಡು ಮಾರಾಯ್ತಿ!” ಎನ್ನುತ್ತ ಸಹಿ ಹಾಕಿದರು.

ಮರುದಿನ ಪಟ್ಟಿಯಮ್ಮ ಹೊಸ ನೋಟ್‌ಬುಕ್ಕಿನೊಡನೆ ಯಂತ್ರಶಾಲೆಗೆ ನಡೆದು ಮೇಸ್ತ್ರಿಯನ್ನು ಹಿಡಿದಳು.

“ನೀವು ‘ಆಯ್ತು’ ಅಂದ್ರೆ ಮುಗೀತು ಅಂತಾನಾ, ಇನ್ಮೇಲೆ ಮಾಡ್ತೀನಿ ಅಂತಾನಾ?”

“ಎರಡೂ ಅಲ್ಲ ಅಮ್ಮ,” ಎಂದನು ಮೇಸ್ತ್ರಿ, ಲೇತಿನಿಂದ ಕಣ್ಣೆತ್ತದೆ. “ನನ್ನ ಬಿಟ್ಬಿಡಿ ಅಂತ.”

ಆಕೆ ಅದನ್ನು ಮೂರನೆಯ ಅರ್ಥವೆಂದು ದುಂಡಗೆ ಬರೆದುಕೊಂಡಳು.