ತಿಗಣೆಗೆ ಕಾಯಿಸಿದ ನೀರು

ಕಳೆದ ತಿಂಗಳು ಒಂದು ಬೆಳಿಗ್ಗೆ, ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನನ ಹೆಂಡತಿ ಗೇಟಿನ ಮುಂದೆಯೇ ಮೂರು ಕಲ್ಲಿಟ್ಟು ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಗ್ಯಾಸು ಮುಗಿದಿತ್ತಂತೆ. ಹಾಲು ತರಲೆಂದು ಕೆಳಗಿಳಿದ ನನಗೆ ತೆಂಗಿನ ಮಟ್ಟೆ ಉರಿಯುವ ವಾಸನೆ ಬಂದದ್ದೇ ತಡ, ಕಾಲುಗಳು ನಿಂತುಬಿಟ್ಟವು. "ಗೇಟ್ ಮುಂದೆ ಬೆಂಕಿ ಹಾಕ್ಬೇಡಮ್ಮ, ಹಿಂದ್ಗಡೆ ಹಾಕ್ಕೊ ಹೋಗು" ಎಂದು ಗದರಿಸಿಯೂ ಬಿಟ್ಟೆ. ಈ ಮುದುಕಿಗೆ ಬೆಳಬೆಳಿಗ್ಗೆ ಏನಾಯಿತು ಎಂಬಂತೆ ಅವಳು ನನ್ನನ್ನು ನೋಡಿದಳು. ಮೇಲೆ ಬಂದು ಹಾಲನ್ನು ಪಾತ್ರೆಗೆ ಬಗ್ಗಿಸುವಾಗ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಆ ಹುಡುಗಿಯ ತಪ್ಪೇನೂ ಇರಲಿಲ್ಲ. ನಲವತ್ತು ವರ್ಷಕ್ಕೂ ಹಿಂದೆ ಅದೇ ತಪ್ಪನ್ನು ಮಾಡಿದವಳು ನಾನು...

ಆಗ ನಾವು ಯಶವಂತಪುರದಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಬೀದಿಯಲ್ಲಿ ಬಾಡಿಗೆಗಿದ್ದೆವು. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಅಪ್ಪ ಅಲ್ಲೇ ಒಂದು ಕಾರ್ಖಾನೆಯಲ್ಲಿ ಟರ್ನರ್. ಮನೆಯಲ್ಲಿ ಇದ್ದದ್ದು ಅಪ್ಪ, ಅಮ್ಮ, ನಾನು. ನಮ್ಮ ಎದುರಿಗೆ, ಬೀದಿಯ ಆಚೆ, ಒಂಟಿ ಹೆಂಗಸೊಬ್ಬರ ಮನೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ "ಅಜ್ಜಿ" ಎಂದು ಕರೆದು, "ಯಾರೇ ಅಜ್ಜಿ? ಹಲ್ಲು ಉದುರಿಸ್ತೀನಿ ನೋಡು" ಎಂದು ಬೈಸಿಕೊಂಡ ಮೇಲೆ ಅವರು ನಮಗೆ ಎದುರುಮನೆ ಅತ್ತೆಯಾದರು.

ಅತ್ತೆ ದಿನವಿಡೀ ಮನೆಯ ಜಗಲಿಯ ಮೇಲೆ ಮೊರ ಹಿಡಿದು ಕೂತಿರುತ್ತಿದ್ದರು. ಅಕ್ಕಿ ಆರಿಸುವುದು ಒಂದು ನೆಪ. ಅವರ ನಿಜವಾದ ಕೆಲಸ ಬೀದಿಯಲ್ಲಿ ಹೋಗಿ ಬರುವವರನ್ನು ವಿಚಾರಿಸುವುದು. ಎಲ್ಲಿಗೆ, ಯಾಕೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸ್ಸು? ಉತ್ತರ ಹೇಳಿದರೂ ಬಿಡುತ್ತಿರಲಿಲ್ಲ, "ನಿಂಗ್ಯಾರು ಹೇಳಿದ್ದು?" ಎಂದು ಬುಡಕ್ಕೇ ಕೈ ಹಾಕುತ್ತಿದ್ದರು. ಅಪ್ಪ ಆ ಜಗಲಿಗೆ ಚೆಕ್‌ಪೋಸ್ಟ್ ಎಂದು ಹೆಸರಿಟ್ಟಿದ್ದರು. ಕಾಲೇಜಿಗೆ ಹೋಗುವಾಗ ಅವರ ಕಣ್ಣು ತಪ್ಪಿಸಲು ನಾನು ಹಿಂದಿನ ಗಲ್ಲಿಯಿಂದ ನುಸುಳುತ್ತಿದ್ದೆ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ ಎಂದೇ ಹೇಳಬೇಕು.

ಆ ವರ್ಷ ಅಪ್ಪ ಯಲಹಂಕದಲ್ಲಿ ಎರಡು ಕೋಣೆಯ ಒಂದು ಮನೆ ಕಟ್ಟಿಸಿದ್ದರು. ವೈಶಾಖದಲ್ಲಿ ಗೃಹಪ್ರವೇಶವೂ ಆಯಿತು. ಆಷಾಢ ಹುಟ್ಟುವುದರೊಳಗೆ ಸಾಮಾನು ಸಾಗಿಸಿ ಅಲ್ಲಿಗೆ ಹೋಗಿಬಿಡುವುದೆಂದು ನಿಶ್ಚಯವಾಗಿತ್ತು. ನಮ್ಮ ಬಾಡಿಗೆ ಮನೆಯ ಓನರು ಬೇರೆಯವರಿಗೆ ಮಾತು ಕೊಟ್ಟೂ ಆಗಿತ್ತು. ಅಷ್ಟರಲ್ಲಿ ಒಂದು ಮಧ್ಯಾಹ್ನ ಅಪ್ಪ ಲೇತ್ ಮೆಷೀನಿನ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು.

ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು. ಮೂರು ವಾರ ಹಾಸಿಗೆ ಬಿಟ್ಟು ಏಳುವಂತಿಲ್ಲ, ಗಾಬರಿಯಾಗುವ ಯಾವ ಸುದ್ದಿಯನ್ನೂ ಅವರ ಕಿವಿಗೆ ಹಾಕುವಂತಿಲ್ಲ ಎಂದು ನಮ್ಮಿಬ್ಬರನ್ನು ವರಾಂಡಕ್ಕೆ ಕರೆದು ಎರಡೆರಡು ಸಲ ಹೇಳಿದರು. ಅಮ್ಮ ಆಸ್ಪತ್ರೆಯಲ್ಲೇ ಉಳಿದಳು. ಮನೆ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಗಂಜಿ ಮಾಡಿ ಕ್ಯಾರಿಯರಿಗೆ ಹಾಕಿಕೊಂಡು ಬಸ್ಸಿನಲ್ಲಿ ಆಸ್ಪತ್ರೆಗೆ ಓಡುವುದು, ಅಮ್ಮನ ಬಟ್ಟೆ ತಂದು ಒಗೆಯುವುದು, ಆಮೇಲೆ ಗೋಣಿಚೀಲ ಹರಡಿಕೊಂಡು ಗಂಟು ಕಟ್ಟಲು ಕೂರುವುದು. ಪಾತ್ರೆ, ಹಿತ್ತಾಳೆ ದೀಪ, ಉಪ್ಪಿನಕಾಯಿ ಜಾಡಿಗಳನ್ನು ಕಟ್ಟುವಾಗ ಏನೂ ಅನ್ನಿಸುತ್ತಿರಲಿಲ್ಲ. ಅಪ್ಪನ ಷರಟುಗಳ ಸರದಿ ಬಂದಾಗ ಮಾತ್ರ ಕೈ ಓಡುತ್ತಿರಲಿಲ್ಲ. ಇವನ್ನು ಹೊಸ ಮನೆಯಲ್ಲಿ ಬಿಚ್ಚುವ ಹೊತ್ತಿಗೆ ಹಾಕಿಕೊಳ್ಳುವವರು ಇರುತ್ತಾರೋ ಇಲ್ಲವೋ... ಹಾಗೆ ಯೋಚಿಸಿದ್ದಕ್ಕೆ ಕೆನ್ನೆ ಬಡಿದುಕೊಂಡು ದೇವರ ಪಟಕ್ಕೆ ಕೈಮುಗಿಯುತ್ತಿದ್ದೆ.

ಅತ್ತೆ ಎರಡು ಹೊತ್ತೂ ಬಂದು ವಿಚಾರಿಸುತ್ತಿದ್ದರು. ಬಿಪಿ ಎಷ್ಟಿದೆಯಂತೆ, ನಿದ್ದೆ ಬಂತಂತಾ, ಏನು ತಿಂದರು? ಒಮ್ಮೆ ರೇಗಿ, "ನನ್ಗೇನೂ ಗೊತ್ತಿಲ್ಲ ಅತ್ತೆ, ಡಾಕ್ಟ್ರನ್ನೇ ಕೇಳಿ" ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ತಂದಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಅಲ್ಲಿಟ್ಟು ಹೋದರು.

ಲಾರಿ ಬರಲು ಇನ್ನೆರಡು ದಿನ ಇತ್ತು. ಅಪ್ಪನ ಮರದ ಮಂಚದಲ್ಲಿ ತಿಗಣೆ. ಹೊಸ ಮನೆಗೆ ತಿಗಣೆ ಹೊತ್ತುಕೊಂಡು ಹೋಗಬೇಡ, ಬಿಸಿನೀರು ಹುಯ್ಯಿ ಎಂದು ಅಮ್ಮ ಆಸ್ಪತ್ರೆಯಲ್ಲಿ ಹೇಳಿದ್ದಳು. ಬಚ್ಚಲಿನ ತಾಮ್ರದ ಹಂಡೆಯನ್ನು ಹಿಂದಿನ ದಿನವೇ ಒಲೆಯಿಂದ ಕೀಳಿಸಿ ಆಗಿತ್ತು. ಅದಕ್ಕೇ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದವಳು ಬಾಗಿಲ ಮುಂದೆ ಮೂರು ಕಲ್ಲಿಟ್ಟು ಹಂಡೆ ಏರಿಸಿದೆ. ಮಟ್ಟೆ, ಹಳೆಯ ಪೊರಕೆ, ನನ್ನ ಹಳೆಯ ನೋಟ್ ಪುಸ್ತಕ ಎಲ್ಲವನ್ನೂ ಹಾಕಿ ಉರಿ ಮಾಡಿದೆ. ಮಂಚವನ್ನು ಹೊರಗೆ ಎಳೆದು ಗೋಡೆಗೆ ನೆಟ್ಟಗೆ ನಿಲ್ಲಿಸಿದೆ. ಹಾಸಿಗೆಯನ್ನು ಸುತ್ತಿ ಪಕ್ಕದಲ್ಲಿಟ್ಟೆ. ಅಂದು ಚೆಕ್‌ಪೋಸ್ಟ್ ಖಾಲಿ ಇತ್ತು. ಅತ್ತೆ ಸೀಮೆಎಣ್ಣೆ ಕ್ಯೂಗೆ ಹೋಗಿದ್ದರು.

ನೀರು ಇನ್ನೂ ಕುದಿ ಬಂದಿರಲಿಲ್ಲ. ತಲೆಯೆತ್ತಿದರೆ ಅಪ್ಪನ ಕಾರ್ಖಾನೆಯ ಇಬ್ಬರು ಎದುರಿಗೆ ನಿಂತಿದ್ದರು. ಒಬ್ಬರು ನನಗೆ ಗೊತ್ತಿದ್ದ ಫಿಟ್ಟರ್, ನಮ್ಮ ಮನೆಗೆ ಯುಗಾದಿಗೆ ಬಂದು ಹೋಳಿಗೆ ತಿಂದವರು. ಇಬ್ಬರೂ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟಿದ್ದರು. ಫಿಟ್ಟರ ಕೈಯಲ್ಲಿ ಬಾಳೆಲೆಯ ಪೊಟ್ಟಣ, ಅದರಿಂದ ಸುಗಂಧರಾಜದ ಹಾರ ಇಣುಕುತ್ತಿತ್ತು.

"ಎಷ್ಟೊತ್ಗಾಯ್ತಮ್ಮ?" ಎಂದರು ಅವರು, ನನ್ನ ಮುಖ ನೋಡದೆ.

ಇವರು ಆಸ್ಪತ್ರೆಯಿಂದ ಬಂದಿದ್ದಾರೆ ಎಂದುಕೊಂಡೆ. ನಾನು ಬಸ್ಸಿನಲ್ಲಿ ಮನೆಗೆ ಬರುತ್ತಿದ್ದ ಹೊತ್ತಿನಲ್ಲೇ ಆಗಿಹೋಗಿದೆ, ಅಮ್ಮ ಇವರ ಕೈಲಿ ಹೇಳಿ ಕಳಿಸಿದ್ದಾಳೆ ಎಂದುಕೊಂಡೆ. ನಾನು ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದೆ. ಅದನ್ನು ಕಂಡು ಫಿಟ್ಟರೂ ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಯಾರೋ ಹೆಂಗಸು ಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಎಷ್ಟು ಹೊತ್ತು ಹಾಗೆ ಇದ್ದೆವೋ... ಕಾಲು ಗಂಟೆಯಿರಬೇಕು. ಆ ಕಾಲು ಗಂಟೆ ನನ್ನ ಪಾಲಿಗೆ ಅಪ್ಪ ಇರಲಿಲ್ಲ.

ಅತ್ತೆ ಸೀಮೆಎಣ್ಣೆ ಡಬ್ಬ ಹಿಡಿದು ಬಂದದ್ದು ಆಗ. ಗುಂಪನ್ನು ಸೀಳಿಕೊಂಡು ಮುಂದೆ ಬಂದು, ಅಳದೆ, ಕೂಗದೆ, ಫಿಟ್ಟರನ್ನು ನೋಡಿ ಕೇಳಿದರು:

"ನಿಮ್ಗ್ಯಾರು ಹೇಳಿದ್ದು?"

"ಯಾರ್ ಹೇಳ್ಬೇಕಮ್ಮ? ಬೆಂಕಿ ಹಾಕವ್ರೆ, ಹಂಡೆ ಇಟ್ಟವ್ರೆ, ಮಂಚ ಎತ್ತಿ ನಿಲ್ಸವ್ರೆ... ಸೈಕಲ್‌ನಲ್ಲಿ ಹೋಗ್ತಾ ನೋಡ್ದೆ. ನೋಡ್ದೋನೇ ಹೋಗಿ ಹಾರ ತಂದೆ."

"ಲೇ ಹುಡುಗಿ, ನಿಂಗ್ಯಾರು ಹೇಳಿದ್ದು?"

"ಇವ್ರು ಬಂದ್ರಲ್ಲ ಅತ್ತೆ..."

"ಮತ್ತೆ ಬೆಂಕಿ ಯಾಕೆ ಹಾಕ್ದೆ?"

"ತಿಗಣೆಗೆ."

ಸಾವಾದ ಮನೆಯ ಮುಂದೆ ಬೆಂಕಿ ಹಾಕುತ್ತಾರೆ, ಹೆಣವನ್ನು ಮೀಯಿಸಲು ಹೊರಗಡೆ ನೀರು ಕಾಯಿಸುತ್ತಾರೆ ಎಂಬುದು ನನಗೂ ಗೊತ್ತಿತ್ತು. ಇಪ್ಪತ್ತು ವರ್ಷದವಳಿಗೆ ಗೊತ್ತಿರದೇನು? ಆದರೆ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಲಾರಿ, ಗಂಟು, ಗಂಜಿ, ಬಸ್ಸಿನ ಟೈಮು ಬಿಟ್ಟು ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಅತ್ತೆ ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಮೊಗೆದು ಬೆಂಕಿಗೆ ಸುರಿದರು. ಫಿಟ್ಟರು ಹಾರದ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ತಪ್ಪಾಯ್ತಮ್ಮ, ತಪ್ಪಾಯ್ತು" ಎಂದು ನನಗೂ ಅತ್ತೆಗೂ ಮಂಚಕ್ಕೂ ಕೈಮುಗಿದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆವು.

ಆದರೆ ಅವರ ಜೊತೆಗಿದ್ದವರು ಆಗ ಮೆಲ್ಲಗೆ ಬಾಯಿಬಿಟ್ಟರು. ಸ್ಟೋರ್ಸ್‌ನಲ್ಲಿ ಕೆಲಸ ಮಾಡುವ, ಅಪ್ಪನ ಊಟದ ಡಬ್ಬಿಯ ಗೆಳೆಯರೊಬ್ಬರು, ಹಾರ ತರಲು ಹೋದ ಫಿಟ್ಟರಿಂದ ಈ ಸುದ್ದಿ ಕೇಳಿ, ಅಮ್ಮನಿಗೆ ಧೈರ್ಯ ಹೇಳಲೆಂದು ನೇರ ಆಸ್ಪತ್ರೆಗೆ ಹೊರಟುಹೋಗಿದ್ದರು. ಬಸ್ಸು ಹತ್ತಿ ಅರ್ಧ ಗಂಟೆಯಾಗಿತ್ತು.

ಆ ಮನುಷ್ಯ ಅಳುತ್ತಾ ವಾರ್ಡಿಗೆ ನುಗ್ಗುತ್ತಾರೆ. ಅಪ್ಪ ಎದ್ದು ಕೂರುತ್ತಾರೆ... ಮುಂದಿನದನ್ನು ನೆನೆಸಲು ನನಗೆ ಆಗಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ವಾರ್ಡಿನವರ ಜೊತೆ ಮಾತಾಡುವ ಕಾಲ ಅದಲ್ಲ. ಅತ್ತೆ ಸೀಮೆಎಣ್ಣೆ ಡಬ್ಬವನ್ನು ನಮ್ಮ ಹೊಸಿಲ ಹತ್ತಿರವೇ ಬಿಟ್ಟು, "ನಡಿ" ಎಂದು ನನ್ನ ರಟ್ಟೆ ಹಿಡಿದರು. ಸರ್ಕಲ್ಲಿನವರೆಗೆ ಇಬ್ಬರೂ ಓಡಿದೆವು.

ಬಸ್ಸಿನಲ್ಲಿ ಅವರು ನನ್ನ ಕೈ ಬಿಡಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಗಿದ್ದು. ಬೆಳಿಗ್ಗೆ ನಾನು ಬರುವಾಗ ಅಪ್ಪ ಚೆನ್ನಾಗಿದ್ದರು ನಿಜ, ಆದರೆ ಆಮೇಲೆ ಗಂಟೆಗಳು ಕಳೆದಿವೆ. ನಾನು ಮಾಡಿದ ಅಪಶಕುನ ನಿಜವಾಗಿಬಿಟ್ಟಿದ್ದರೆ? ನನ್ನ ಕೈಯಾರೆ ನಾನೇ ಬೆಂಕಿ ಹಾಕಿದೆನಲ್ಲ! ಮಲ್ಲೇಶ್ವರದಲ್ಲಿ ಬಸ್ಸು ಒಂದೊಂದು ಸ್ಟಾಪಿನಲ್ಲೂ ನಿಂತು ಜನರನ್ನು ತುಂಬಿಸಿಕೊಳ್ಳುತ್ತಿತ್ತು. ನಾನು ಅತ್ತೆಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ನನ್ನ ಉಗುರಿನ ಗುರುತು ಅವರ ಮಣಿಕಟ್ಟಿನ ಮೇಲೆ ಮೂಡಿತ್ತು.

ಆಸ್ಪತ್ರೆಯ ಗೇಟಿನಲ್ಲಿ ಅವರು ನನ್ನನ್ನು ತಡೆದರು.

"ನೀನ್ ಇಲ್ಲೇ ನಿಂತ್ಕೋ. ನಾನ್ ಹೋಗಿ ನೋಡ್ಕೊಂಡ್ ಬರ್ತೀನಿ."

"ನಾನೂ ಬರ್ತೀನಿ ಅತ್ತೆ."

"ಬೇಡ. ಏನೇ ಇದ್ರೂ ಮೊದ್ಲು ನನ್ ಕಿವಿಗ್ ಬೀಳ್ಲಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಒಳಗೆ ಹೋದರು. ನಾನು ಎಳನೀರು ಗಾಡಿಯ ಪಕ್ಕದಲ್ಲಿ ನಿಂತೆ. ಹೊರಗೆ ಬರುವ ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದೆ. ನನಗೆ ಗೊತ್ತಿದ್ದ ಸ್ತೋತ್ರಗಳೆಲ್ಲ ಅರ್ಧಕ್ಕೇ ಮರೆತುಹೋಗುತ್ತಿದ್ದವು. ಎಷ್ಟು ಹೊತ್ತಾದರೂ ಅತ್ತೆ ಬರಲಿಲ್ಲ.

ಕೊನೆಗೆ ಬಂದರು. ಅವರ ಪಕ್ಕದಲ್ಲಿ ಆ ಸ್ಟೋರ್ಸ್‌ನವರು, ದಪ್ಪ ಮನುಷ್ಯ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಾ ಬರುತ್ತಿದ್ದರು. ಅತ್ತೆ ಅವರ ಬೆನ್ನು ಸವರುತ್ತಿದ್ದರು. ಅಷ್ಟು ಕಂಡದ್ದೇ, ನಾನು ಗಾಡಿಯ ಮೇಲೆ ವಾಲಿದೆ. ಎಳನೀರಿನವನು ನನ್ನನ್ನು ಹಿಡಿದುಕೊಂಡ.

"ಇದಾರೆ ಕಣೇ! ಇದಾರೆ!" ಅತ್ತೆ ಅಲ್ಲಿಂದಲೇ ಕೂಗಿದರು. "ಎದ್ದು ಕೂತು ಕಾಫಿ ಬೇಕು ಅಂತ ನಿಮ್ಮಮ್ಮನ್ ಜೊತೆ ಜಗಳ ಆಡ್ತಿದಾರೆ. ಇವ್ರು ಸಂತೋಷಕ್ಕೆ ಅಳ್ತಿರೋದು."

ಆಮೇಲೆ ತಿಳಿಯಿತು. ರೋಗಿಗಳನ್ನು ನೋಡಲು ಬಿಡುವ ಹೊತ್ತು ಇನ್ನೂ ಆಗಿರಲಿಲ್ಲವಾದ್ದರಿಂದ ವಾರ್ಡಿನ ಜವಾನ ಸ್ಟೋರ್ಸ್‌ನವರನ್ನು ಒಳಗೆ ಬಿಟ್ಟಿರಲಿಲ್ಲ. ಮರದ ಕೆಳಗೆ ಕೂತು ಅಳುತ್ತಿದ್ದರಂತೆ. ಅದೇ ಜವಾನನಿಗೆ ಅತ್ತೆ ತಾನು ರೋಗಿಯ ಒಡಹುಟ್ಟಿದ ಅಕ್ಕ, ಊರಿಂದ ಬಂದಿದ್ದೇನೆ ಎಂದು ಹೇಳಿ, ಅವನು ನಂಬದಿದ್ದಾಗ ಅವನ ಊರು, ಮನೆ, ಮಕ್ಕಳು ಎಲ್ಲ ವಿಚಾರಿಸಿ ಒಳಗೆ ನುಗ್ಗಿದ್ದರು. ಅಮ್ಮನಿಗೆ "ಇಲ್ಲೇ ಪೇಟೆಗೆ ಬಂದಿದ್ದೆ" ಎಂದಷ್ಟೇ ಹೇಳಿದ್ದರು. ನಾನು ಗೇಟಿನ ಬಳಿ ಅವರ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟೆ. "ಸಾಕು, ಮುಖ ತೊಳ್ಕೋ. ನಿಮ್ಮಪ್ಪಂಗೆ ಇದನ್ನ ಯಾವತ್ತೂ ಹೇಳ್ಬೇಡ" ಎಂದರು. ನಾನು ಹೇಳಲಿಲ್ಲ.

ಎರಡು ದಿನಕ್ಕೆ ಲಾರಿ ಬಂತು. ಯಾವುದನ್ನು ಮೊದಲು ಏರಿಸಬೇಕು, ಯಾವುದನ್ನು ಅಡ್ಡ ಇಡಬಾರದು ಎಂದು ಅತ್ತೆ ಜಗಲಿಯಿಂದಲೇ ಕೂಗಿ ಹೇಳುತ್ತಿದ್ದರು. ಮಂಚಕ್ಕೆ ಬಿಸಿನೀರು ಬೀಳಲೇ ಇಲ್ಲ, ಯಲಹಂಕಕ್ಕೆ ತಿಗಣೆಗಳೂ ನಮ್ಮ ಜೊತೆ ಬಂದವು. ಅಪ್ಪ ಆಸ್ಪತ್ರೆಯಿಂದ ನೇರವಾಗಿ ಹೊಸ ಮನೆಗೇ ಬಂದರು. ಹೊಸಿಲು ದಾಟುವಾಗ ಮೆಲ್ಲಗೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ದಾಟಿದರು.

ಒಂದು ಸಲ ಯಶವಂತಪುರಕ್ಕೆ ಹೋಗಿ ಅತ್ತೆಯನ್ನು ನೋಡಿಕೊಂಡು ಬರಬೇಕು ಎಂದು ಅಮ್ಮ ಹೇಳುತ್ತಲೇ ಇದ್ದಳು. ನಾನೂ ಹೂಂ ಎನ್ನುತ್ತಲೇ ಇದ್ದೆ. ಅಪ್ಪನ ಪಥ್ಯ, ನನ್ನ ಕೆಲಸ, ಮದುವೆ... ಮದುವೆಯ ಕಾಗದ ಕೊಡಲು ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಅತ್ತೆ ಹಿಂದಿನ ವರ್ಷವೇ ಹೋಗಿಬಿಟ್ಟರು, ಎರಡು ತಿಂಗಳು ಹಾಸಿಗೆ ಹಿಡಿದಿದ್ದರು ಎಂದರು. ಯಾರು ನೋಡಿಕೊಂಡರು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಅಪ್ಪ ಆ ಮನೆಯಲ್ಲಿ ಏಳು ವರ್ಷ ಬದುಕಿದರು. ಎರಡನೆಯ ಸಲ ಎದೆನೋವು ಬಂದು ಮತ್ತೆ ಆಸ್ಪತ್ರೆಗೆ ಸೇರಿಸಿದ್ದೆವು. ನಾನು ಸ್ನಾನಕ್ಕೆಂದು ಮನೆಗೆ ಬಂದಿದ್ದಾಗ ಮೂಲೆಯ ಮೆಡಿಕಲ್ ಸ್ಟೋರಿನವರು ಫೋನ್ ಬಂದಿದೆ ಎಂದು ಓಡಿ ಬಂದು ಹೇಳಿದರು. ಬೇಗ ಬರಬೇಕಂತೆ, ಅಷ್ಟೇ. ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಆಟೋ ಇಳಿದವಳು ಅಲ್ಲೇ ನಿಂತುಬಿಟ್ಟೆ. ಒಳಗೆ ಹೋಗಿ ನೋಡಿಕೊಂಡು ಬಂದು ಹೇಳುವವರು ಯಾರೂ ಇರಲಿಲ್ಲ. ಆಟೋದವನು ಚಿಲ್ಲರೆ ಹಿಡಿದುಕೊಂಡು ಎರಡು ಸಲ ಕರೆದನಂತೆ, ನನಗೆ ಕೇಳಿಸಲಿಲ್ಲ. ಆಮೇಲೆ ನಾನೇ ಹೋದೆ.

ಈಗ ನನಗೆ ಅತ್ತೆಗೆ ಆಗಿದ್ದಕ್ಕಿಂತ ಹೆಚ್ಚು ವಯಸ್ಸಾಗಿದೆ. ಮೂರು ತಿಂಗಳಿಗೊಮ್ಮೆ ನಮ್ಮ ಯಜಮಾನರನ್ನು ಚೆಕಪ್ಪಿಗೆ ಕರೆದುಕೊಂಡು ಹೋಗುತ್ತೇನೆ. ರಿಪೋರ್ಟ್ ತರಲು ಕೌಂಟರಿಗೆ ಹೋಗುವಾಗ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರಿ, ನಾನ್ ಮೊದ್ಲು ನೋಡ್ಕೊಂಡ್ ಬರ್ತೀನಿ" ಎನ್ನುತ್ತೇನೆ. ಯಾಕೆಂದು ಅವರು ಇದುವರೆಗೂ ಕೇಳಿಲ್ಲ.