ಸಮುದ್ರವನ್ನು ನಂಬಿ ಬಿಟ್ಟ ಹೆಸರುಕಾಳಿನ ಸಾಲು

ನನ್ನ ಬಾಯಿ ಜೋರು. ಗೋಗಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳಿಗೆ ಅದು ಬೇಕಾದದ್ದೇ. ಆದರೆ ಮನೆಗೆ ಬಂದರೂ ನನ್ನ ದನಿ ಇಳಿಯುವುದಿಲ್ಲ ಎಂಬುದು ಅಕ್ಕನ ದೂರು. ಅಕ್ಕ ರಾಮಸಮುದ್ರದಲ್ಲಿ ಭಾವನ ಜೊತೆ ನಾಲ್ಕು ಎಕರೆ ಕಪ್ಪು ನೆಲ ಉಳುತ್ತಾಳೆ. ತಾನು ಶಾಲೆ ಬಿಟ್ಟು ಕೂಲಿಗೆ ಹೋಗಿ ನನ್ನನ್ನು ಓದಿಸಿದವಳು. ಹಾಗಾಗಿ ನಾನು ಹೇಳಿದ್ದನ್ನೆಲ್ಲ ಅವಳು ಹೌದೆಂದೇ ನಂಬುತ್ತಾಳೆ.

ಆ ವರ್ಷ ಬೇಸಿಗೆಯಲ್ಲಿ ಸುರಪುರದಲ್ಲಿ ನಮಗೆ ತರಬೇತಿಯಿತ್ತು. ಪೆಸಿಫಿಕ್ ಸಾಗರದ ನಕಾಶೆ ತೋರಿಸಿ, ಎಲ್ ನಿನೊ ಬರುವ ಲಕ್ಷಣ ಇದೆ ಎಂದರು. ಉಳಿದವರಿಗೆ ಊಟದ ಚಿಂತೆ, ನನಗೆ ಅಕ್ಕನ ಹೊಲದ ಚಿಂತೆ. ರಜೆಗೆ ಊರಿಗೆ ಹೋದವಳೇ ಅಂಗಳದಲ್ಲಿ ಹಿಟ್ಟು ನಾದುವ ಅಗಲ ಪರಾತ ಇಟ್ಟು ನೀರು ತುಂಬಿಸಿದೆ. ಮೇಲೆ ಅರಿಶಿನ ಕಲಸಿದ ಬಿಸಿನೀರನ್ನು ಮೆಲ್ಲಗೆ ಹೊಯ್ದೆ. ಈ ಕಡೆ ಅಮೆರಿಕ, ಆ ಕಡೆ ನಮ್ಮ ದಿಕ್ಕು ಎಂದು ಹೇಳಿ ಮೊರದಿಂದ ಬೀಸಿದೆ. ಹಳದಿ ನೀರು ನಮ್ಮ ದಿಕ್ಕಿನ ಅಂಚಿಗೆ ಸರಿಯಿತು. ಬಿಸಿನೀರು ಎಲ್ಲಿ ಕೂಡುತ್ತದೋ ಅಲ್ಲಿ ಮೋಡ ಏಳುತ್ತದೆ. ಕೆಲವು ವರ್ಷ ಗಾಳಿ ಸಡಿಲಾಗುತ್ತದೆ, ನೀರು ಅಮೆರಿಕದ ಕಡೆ ವಾಪಸು ಜಾರುತ್ತದೆ, ಮೋಡವೂ ಅದರ ಬೆನ್ನು ಹತ್ತುತ್ತದೆ, ಇಲ್ಲಿ ನಮ್ಮ ಮುಂಗಾರು ಸೊರಗುತ್ತದೆ. ಇದಕ್ಕೇ ಎಲ್ ನಿನೊ ಎನ್ನುವುದು. ನೀರು ಜಾರಿದಷ್ಟೂ ಗಾಳಿ ಸಡಿಲು, ಗಾಳಿ ಸಡಿಲಾದಷ್ಟೂ ನೀರು ಜಾರುವುದು ಹೆಚ್ಚು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಅಕ್ಕ ಪರಾತವನ್ನೇ ನೋಡುತ್ತ, ಮೊದಲು ಸಡಿಲಾಗುವುದು ಗಾಳಿಯೋ ನೀರೋ ಎಂದು ಕೇಳಿದಳು. ಯಾವುದು ಮೊದಲು ಎಂದು ಹೇಳಲು ಬರುವುದಿಲ್ಲ, ಒಂದು ಇನ್ನೊಂದನ್ನು ಎಳೆಯುತ್ತದೆ ಎಂದೆ. ಹಾಗಾದರೆ ಇದು ತನ್ನ ಮತ್ತು ಭಾವನ ಮುನಿಸಿನ ಹಾಗೆಯೇ ಎಂದಳು. ಕಟ್ಟೆಯ ಮೇಲಿದ್ದ ಭಾವ ಕೇಳಿಸದವರ ಹಾಗೆ ಎಲೆಗೆ ಸುಣ್ಣ ಹಚ್ಚುತ್ತ ಕೂತರು.

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

"ಈ ವರ್ಷ ಹೆಸರ ಹಾಕಬ್ಯಾಡ್ರಿ. ಮಿರಗದ ಮಳಿ ಕೈ ಕೊಡ್ತದ," ಎಂದುಬಿಟ್ಟೆ.

ನಮ್ಮ ಕಡೆ ತೊಗರಿಯ ಸಾಲುಗಳ ನಡುವೆ ಹೆಸರಿನ ಸಾಲು ಬಿತ್ತುವುದು ರೂಢಿ. ಹೆಸರು ಮಿರಗದ, ಅಂದರೆ ಜೂನಿನ ಮೃಗಶಿರಾ ಮಳೆಯನ್ನು ನೆಚ್ಚಿ ಎರಡು ತಿಂಗಳು ಚಿಲ್ಲರೆಯಲ್ಲಿ ಕೈಗೆ ಬರುತ್ತದೆ. ತೊಗರಿ ಆಮೇಲಿನ ಮಳೆಗಾಗಿ ಕಾದು ನಿಲ್ಲುತ್ತದೆ. ಒಂದು ಹೋದರೆ ಇನ್ನೊಂದು ಇರಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಅದರಲ್ಲಿ ಅರ್ಧವನ್ನು ಬಿಡು ಎಂದು ನಾನು ಹೇಳಿದ್ದೆ. ಅಕ್ಕ ತಲೆಯಾಡಿಸಿದಳು.

ಮಿರಗದ ಮಳೆ ಕೈ ಕೊಡಲಿಲ್ಲ. ನಮ್ಮ ಶಾಲೆಯ ಬಯಲಲ್ಲಿ ನೀರು ನಿಂತಿತು. ಹಿಂದೂ ಮಹಾಸಾಗರ ಆಫ್ರಿಕಾದ ಕಡೆ ಹೆಚ್ಚು ಕಾದರೆ ಅದೂ ನಮ್ಮತ್ತ ಮಳೆ ತರಬಲ್ಲದು, ಆ ವರ್ಷ ಹಾಗೇ ಆಗಿತ್ತು ಎಂದು ಆಮೇಲೆ ಓದಿದೆ. ನಾನು ದೂರದ ಸಮುದ್ರವನ್ನು ಕೇಳಿ ಹತ್ತಿರದ್ದನ್ನು ಕೇಳದೇ ಬಿಟ್ಟಿದ್ದೆ. ಅಕ್ಕನಿಗೆ ಫೋನ್ ಮಾಡಲು ಮುಖವಿರಲಿಲ್ಲ.

ಶ್ರಾವಣದಲ್ಲಿ ಅವಳೇ ಬಂದಳು, ಪ್ರತಿವರ್ಷದಂತೆ ಚೀಲದ ತುಂಬ ಹಸಿ ಹೆಸರುಕಾಯಿ ಹೊತ್ತು. ಉಪ್ಪು ಹಾಕಿ ಕುದಿಸಿದ ಆ ಕಾಯಿಯೆಂದರೆ ನನಗೆ ಜೀವ. ಅವನ್ನು ಕಂಡದ್ದೇ ನಿರಾಳವೂ ಆಯಿತು, ಸಿಟ್ಟೂ ಬಂತು. ನನ್ನೆದುರು ತಲೆಯಾಡಿಸಿ, ಬೆನ್ನ ಹಿಂದೆ ಬಿತ್ತಿದ್ದಾಳೆ! ಅಷ್ಟು ನಂಬಿಕೆಯಿಲ್ಲದಿದ್ದರೆ ಪರಾತದ ಮುಂದೆ ಯಾಕೆ ಕೂತೆ ಎಂದು ತರಾಟೆಗೆ ತೆಗೆದುಕೊಂಡೆ. ಅವಳು ನಕ್ಕು, ಕುದಿಸಿದ ಕಾಯಿ ಮುಂದಿಟ್ಟು, ಆರುತ್ತವೆ ತಿನ್ನು ಎಂದಳು. ದಸರೆಗೆ ಊರಿಗೆ ಹೋದಾಗ ಹೊಲದಲ್ಲಿ ತೊಗರಿಯಷ್ಟೇ ಇತ್ತು. ಹೆಸರಿದ್ದರೂ ಆ ಹೊತ್ತಿಗೆ ಕಿತ್ತು ಮುಗಿದಿರುತ್ತದಲ್ಲ, ನನಗೇನೂ ಅನ್ನಿಸಲಿಲ್ಲ. ನನ್ನ ಮಾತು ಮೀರಿ ಅಕ್ಕ ಗೆದ್ದ ಕಥೆಯನ್ನು ವರ್ಷವಿಡೀ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದೆ.

ಮರುವರ್ಷ ಫೋನಿನಲ್ಲಿ ಹುಷಾರಾಗಿ ಮಾತಾಡಿದೆ. ಸಮುದ್ರ ಯಾವ ಕಡೆ ವಾಲಿದೆ ಎಂದು ಹೇಳಬಲ್ಲೆ, ನಿನ್ನ ಹೊಲದಲ್ಲಿ ಏನು ಬೀಳುತ್ತದೆ ಎಂದು ಹೇಳಲಾರೆ ಎಂದೆ. ಅಷ್ಟು ಸಾಕು, ಬಿತ್ತಲು ಬಾ ಎಂದಳು. ಮಿರಗದ ಮಳೆ ಬಿದ್ದು ನೆಲ ಹದವಾಯಿತು. ರಜೆ ಹಾಕಿ ಶಹಾಪುರ, ಯಾದಗಿರಿ ದಾಟಿ ಹೋದೆ.

ಭಾವ ಎತ್ತು ಹೂಡಿದ್ದರು. ತೊಗರಿ ಬಿತ್ತುವ ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಬಿದಿರಿನ ಕೊಳವೆಯಲ್ಲಿ ಹೆಸರು ಬಿಡುವ ಕೆಲಸ ನನಗೆ ಬಂತು. ಅಕ್ಕ ನನ್ನ ಉಡಿಗೆ ಬೀಜ ಸುರಿದಳು. ಕಾಳು ಸಣ್ಣವು, ನಮ್ಮ ಮನೆಯ ಬೀಜದ ಹಾಗಿರಲಿಲ್ಲ. ನಮ್ಮ ಬೀಜ ಎಲ್ಲಿ ಎಂದು ಕೇಳಿದೆ.

"ಹಳೇದಕ್ಕ ಹುಳ ಬಿತ್ತು. ಹ್ವಾದ ವರ್ಷ ಬಿತ್ತಿದ್ರ ತಾನೇ ಹೊಸಾ ಬೀಜ?"

"ಮತ್ತ ನೀ ತಂದ ಕಾಯಿ?"

"ಬಾಜೂ ಹೊಲದವರ್ನ ಕೇಳಿ ಹರ್ಕೊಂಡು ಬಂದಿದ್ದೆ. ವರ್ಷಕ್ಕೊಮ್ಮಿ ತಿನ್ನಾಕಿ, ನಿನ್ನ ಬಾಯಿಗಿ ಯಾಕ ತಪ್ಪಸ್ಲಿ?"

ಒಂದು ಇಡೀ ಬೆಳೆ. ನನ್ನ ಒಂದು ಮಾತಿಗೆ. ಅದರ ಮೇಲೆ ನನ್ನ ಬೈಗುಳವನ್ನೂ ತಿಂದು ನಕ್ಕಿದ್ದಳು. ಎತ್ತು ನಡೆದವು, ನಾನು ಕಣ್ಣೊರೆಸದೆ ಕೊಳವೆಗೆ ಬೀಜ ಬಿಡುತ್ತ ಹಿಂದೆ ನಡೆದೆ.

"ಕೈ ನಡುಗಸಬ್ಯಾಡ, ಬೀಜ ದಟ್ಟ ಬೀಳ್ತಾವ," ಎಂದಳು ಅಕ್ಕ.

ದಟ್ಟವಾಗಿಯೇ ಬಿದ್ದವು. ಆ ಸಾಲು ಒತ್ತೊತ್ತಾಗಿ ಎದ್ದು, ಹೋಗಿ ಬರುವವರೆಲ್ಲ ನೋಡಿ ನಗುವಂತಾಯಿತು. ಕಿತ್ತು ತೆಳುವು ಮಾಡೋಣ ಎಂದು ಭಾವ ಹೇಳಿದರೂ ಅಕ್ಕ ಬಿಡಲಿಲ್ಲವಂತೆ. ಶ್ರಾವಣದಲ್ಲಿ ಅವಳು ನನಗೆ ತಂದ ಕಾಯಿ ಅದೇ ಸಾಲಿನವು.