ಹರಿಗೋಲು ಕಾಯುತ್ತ ನಿಂತ ಮಾದೇವಿ

ನನ್ನ ಕಾದಂಬರಿಗೆ ಹುಳಿಸಾರಿನ ವಾಸನೆಯಿದೆ ಎಂದರೆ ನೀವು ನಗಬಹುದು. ಆದರೆ ಊಟದ ಡಬ್ಬಿ, ತಿದ್ದಬೇಕಾದ ಉತ್ತರಪತ್ರಿಕೆ, ಮಗಳ ಕೆಮ್ಮಿನ ಔಷಧಿ ಇವೆಲ್ಲದರ ಜೊತೆ ಒಂದೇ ಚೀಲದಲ್ಲಿ ಕೂತು, ವರ್ಷಗಟ್ಟಲೆ ನಂಜನಗೂಡಿನಿಂದ ನರಸೀಪುರಕ್ಕೂ ನರಸೀಪುರದಿಂದ ನಂಜನಗೂಡಿಗೂ ಓಡಾಡಿದ ಹಾಳೆಗಳು ಇನ್ನೇನು ರಸಬಾಳೆಯ ಘಮ ಬೀರಿಯಾವೇ?

ನರಸೀಪುರದ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಮೇಡಂ. ತೊಂಬತ್ತರ ದಶಕದ ನಡುವೆ, ಮದುವೆಯಾದ ಹೊಸತರಲ್ಲಿ, ಒಂದು ಬೇಸಿಗೆ ರಜೆಯಲ್ಲಿ ಬರೆಯಲು ಕೂತಾಗ ಮುಂದಿನ ರಜೆಯ ಹೊತ್ತಿಗೆ ಕಾದಂಬರಿ ಮುಗಿದೇಹೋಗುತ್ತದೆಂಬ ಧೈರ್ಯವಿತ್ತು. ಮಾದೇವಿ ಎಂಬ ಹೆಣ್ಣುಮಗಳು ಗಂಡನ ಮನೆಯ ಬಾಳು ಸಾಕಾಗಿ, ನಸುಕಿನಲ್ಲೇ ಕಾವೇರಿಯ ದಡಕ್ಕೆ ಬಂದು, ಎದುರಿನ ತಲಕಾಡಿಗೆ ದಾಟಿಸುವ ಹರಿಗೋಲಿಗಾಗಿ ಕಾಯುತ್ತಾಳೆ. ಅಲ್ಲಿಯವರೆಗೆ ಲೇಖನಿ ಸಲೀಸಾಗಿ ಓಡಿತು. ಆಮೇಲೆ ಮಗಳು ಬಂದಳು, ಮಗ ಬಂದ, ಜನಗಣತಿ ಬಂತು, ಚುನಾವಣೆಯ ಡ್ಯೂಟಿ ಬಂತು, ಮನೆ ಕಟ್ಟಿಸುವ ಗೋಳು ಬಂತು. ಬರಬೇಕಾದ ಹರಿಗೋಲು ಮಾತ್ರ ಬರಲಿಲ್ಲ. ಪಾಪ, ಮಾದೇವಿ ನಿಂತೇ ಇದ್ದಳು.

ಬರೆಯಲು ಬಿಡುವಿಲ್ಲವೆಂದು ಹೇಳುವುದು ಸುಲಭ. ಬಿಡುವು ಸಿಕ್ಕಾಗಲೂ ಬರೆಯಲು ಬೇಕಾದ ನಾನು ಉಳಿದಿರುತ್ತಿರಲಿಲ್ಲ ಎಂಬುದು ನಿಜವಾದ ಸಂಕಟ. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಆಸೆಯಿಂದ ಹಾಳೆ ತೆಗೆಯುತ್ತಿದ್ದೆ. ವಾಕ್ಯದ ಕರ್ತೃಪದ ಬರೆದು ಕ್ರಿಯಾಪದ ಹುಡುಕುವಷ್ಟರಲ್ಲಿ ಕಣ್ಣೆಳೆದು, ನರಸೀಪುರದ ಸ್ಟ್ಯಾಂಡಿನಲ್ಲಿ ಕಂಡಕ್ಟರು ಎಬ್ಬಿಸುವಾಗ ಪೆನ್ನು ಸೀರೆಯ ಮೇಲೆ ಉದ್ದನೆಯ ಗೀಟೊಂದನ್ನು ಎಳೆದಿರುತ್ತಿತ್ತು. ಆ ವರ್ಷಗಳಲ್ಲಿ ನಾನು ತಡೆಯಿಲ್ಲದೆ ಬರೆದದ್ದೆಂದರೆ ಅಂಥ ಗೀಟುಗಳೇ.

ಮಗ ಶಾಲೆಗೆ ಸೇರಿದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಕಳಲೆಯಲ್ಲಿ ಹುಟ್ಟಿ, ನಂಜನಗೂಡಿನ ಈ ಮನೆಗೆ ಸೊಸೆಯಾಗಿ ಬಂದು, ಒಂದು ಗಳಿಗೆ ಕೂತವರಲ್ಲ. ಈಗ ಎಡಗೈ ಎಡಗಾಲು ಸ್ವಾಧೀನ ತಪ್ಪಿ ನಡುಮನೆಯ ಮಂಚ ಹಿಡಿದರು, ಮಾತೊಂದು ಉಳಿಯಿತು. ಒಂದು ಭಾನುವಾರ ಊಟವಾದ ಮೇಲೆ, ಅವರ ಮಂಚದ ಪಕ್ಕ ಕೂತು ಚೀಲ ಒದರುತ್ತಿದ್ದಾಗ ಆ ಹಾಳೆಗಳು ಅವರ ಕಣ್ಣಿಗೆ ಬಿದ್ದವು.

"ಏನವ್ವಾ ಅದು, ಪರೀಕ್ಷೆ ಪೇಪರಾ?"

"ಅಲ್ಲ ಅತ್ತೆ, ಕತೆ. ನಾನೇ ಬರೀತಿದ್ದೆ."

"ಓದು ಮತ್ತೆ. ನಂಗೇನು ಎದ್ದು ಓಗೋ ಕೆಲ್ಸ ಅದಾ?"

ಅಲ್ಲಿಂದ ಭಾನುವಾರ ಬಂತೆಂದರೆ ಓದುತ್ತಿದ್ದೆ. ಬೇಗನೆ ಹಾಳೆಗಳು ಮುಗಿದವು.

"ಆಮೇಕೆ?"

"ಆಮೇಲಿಂದು ಇನ್ನೂ ಬರೆದಿಲ್ಲ ಅತ್ತೆ."

"ಅಂಗಾರೆ ಇನ್ನೂ ಅಲ್ಲೇ ನಿಂತವ್ಳಾ? ಬ್ಯಾಗ ಬರಿ ಮಗಾ, ಬಿಸ್ಲು ಏರ್ತದೆ!"

ನನ್ನ ಬರಹಕ್ಕಾಗಿ ಒಂದು ಜೀವ ಕಾದಿದೆಯೆಂಬುದು ಮೊದಮೊದಲು ಎಂಥ ಹಿಗ್ಗು ತಂದಿತ್ತು! ದಿನಾ ಬೆಳಿಗ್ಗೆ ರಾಗಿಗಂಜಿ ಕುಡಿಸುವಾಗ "ಬಂತಾ ಅರ್ಗೋಲು?" ಎಂದು ಕೇಳುವರು, ಇಲ್ಲವೆಂದು ತಲೆಯಾಡಿಸಿ ಬಸ್ಸಿಗೆ ಓಡುವೆ. ಬರಬರುತ್ತ ಆ ಹಿಗ್ಗೂ ಮನೆಯ ಇತರ ಕೆಲಸಗಳ ಸಾಲಿಗೆ ಸೇರಿತು. ಪ್ರೀತಿಯಿಂದ ಹಚ್ಚಿಕೊಂಡದ್ದೇ ಹೊರೆಯಾದಾಗ ಆಗುವ ಆಯಾಸಕ್ಕೆ ನಿದ್ದೆಯಿಂದ ಪರಿಹಾರವಿಲ್ಲವೆಂದು ನನಗೆ ಗೊತ್ತಾದದ್ದು ಆಗ.

ಕತೆಯ ಕೊನೆಯನ್ನು ಮೊದಲ ರಜೆಯಲ್ಲೇ ನಿರ್ಧರಿಸಿದ್ದೆ. ಹರಿಗೋಲು ಬರುವಾಗ ಹಿಂದಿನಿಂದ, ಬಿಟ್ಟುಬಂದ ಮಗುವಿನ ಅಳು ಕೇಳಿಸುತ್ತದೆ, ಮಾದೇವಿ ಮನೆಗೆ ಮರಳುತ್ತಾಳೆ. ಹೊಸ ಮದುವಣಗಿತ್ತಿಯಾಗಿದ್ದ ನನಗೆ ಅದು ಬಹಳ ಉದಾತ್ತವಾಗಿ ಕಂಡಿತ್ತು.

ಒಂದು ಮಳೆಗಾಲದ ಬೆಳಿಗ್ಗೆ ಅತ್ತೆ ಗಂಜಿಗೆ ಬಾಯಿ ತೆರೆಯಲಿಲ್ಲ. ವಾರದಿಂದ ತೀರ ಇಳಿದುಹೋಗಿದ್ದರು.

"ಬರ್ಯೋದು ಬುಡು ಮಗಾ. ಬಾಯಲ್ಲೇ ಏಳ್ಬುಡು. ಅವ್ಳು ದಾಟುದ್ಲೋ ಇಲ್ವೋ?"

ಚಮಚ ಕೈಯಲ್ಲೇ ನಿಂತಿತು. ಮರಳಿದಳು ಎನ್ನಲು ಬಾಯಿ ತೆರೆದವಳು ಅವರ ಮುಖ ನೋಡಿದೆ.

"ದಾಟಿದ್ಲು ಅತ್ತೆ."

"ಇಂದ್ಗಡೆಯಿಂದ ಯಾರೂ ಕೂಗ್ನಿಲ್ವಾ?"

"ಕೂಗಿದ್ರು. ಮಗೂನೂ ಅಳ್ತಿತ್ತು."

"ತಿರುಗ್ ನೋಡುದ್ಲಾ?"

"ನೋಡಿದ್ಲು. ಅಷ್ಟೊತ್ತಿಗೆ ಹರಿಗೋಲು ನಡುನೀರಿಗೆ ಬಂದಿತ್ತು."

ಅತ್ತೆ "ಸದ್ಯ" ಎಂದರು.

"ನೀವೂ ಯಾವಾಗ್ಲಾದ್ರೂ ಹಂಗೆ ಹೋಗ್ಬೇಕು ಅಂದ್ಕೊಂಡಿದ್ರಾ ಅತ್ತೆ?"

"ಅಂದ್ಕಳ್ದೆ ಇರೋ ಎಂಗ್ಸು ಯಾವೂರಲ್ಲವ್ಳೆ? ಕೊಡು ಇತ್ಲಾಗೆ, ಗಂಜಿ ಆರೋಯ್ತದೆ. ನಿಂಗೆ ಬಸ್ಸು ಒಂಟೋಯ್ತದೆ."

ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಕಾರ್ಯವೆಲ್ಲ ಕಳೆದು ಮತ್ತೆ ಬಸ್ಸು ಹತ್ತಿದ ದಿನಗಳಲ್ಲಿ ಹಾಳೆಗಳನ್ನು ತಿರುವಿದೆ. ಮಾದೇವಿಯನ್ನು ಹಿಂದಕ್ಕೆ ಕರೆತರಲೆಂದು ಹೂಡಿದ್ದ ಉಪಾಯಗಳೆಲ್ಲ ನೀರಸವಾಗಿ ಕಂಡವು. ದಾಟಿದಳೆಂದು ಒಮ್ಮೆ ಆಡಿದ ಮಾತನ್ನು, ಅದೂ ಕೇಳಿದವರು ಇಲ್ಲವಾದ ಮೇಲೆ, ಹಿಂತೆಗೆದುಕೊಳ್ಳುವುದು ಹೇಗೆ? ಆದರೆ ದಾಟಿದ ಮೇಲೇನು? ಈಚೆ ದಡದ ಅಡುಗೆಮನೆ, ಹೊಲ, ನೀರು ಸೇದುವ ಬಾವಿ ನನಗೆ ಗೊತ್ತು. ಆಚೆ ದಡದಲ್ಲಿ ಹೆಣ್ಣೊಬ್ಬಳು ತನಗಾಗಿ ಹೇಗೆ ಬದುಕುತ್ತಾಳೆಂಬುದನ್ನು ನಾನು ಕಂಡೇ ಇರಲಿಲ್ಲ. ಮುಗಿಯಿತೆಂದುಕೊಂಡದ್ದು ಅರ್ಧವೂ ಆಗಿರಲಿಲ್ಲ. ಇತ್ತ ಮಗಳ ಎಸ್ಸೆಸ್ಸೆಲ್ಸಿ ಹತ್ತಿರ ಬಂದಿತ್ತು, ಯಜಮಾನರಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು, ನನ್ನ ಮಂಡಿಗಳೂ ಸದ್ದು ಮಾಡತೊಡಗಿದ್ದವು.

ಆದರೂ ಒಂದು ಬೆಳಿಗ್ಗೆ, ಕಿಟಕಿಯ ಪಕ್ಕ ಸೀಟು ಸಿಕ್ಕಿ, ಅದೇಕೋ ನಿದ್ದೆ ಬಾರದಿದ್ದಾಗ ಬರೆದೆ: ಮಾದೇವಿ ದಡ ಹತ್ತಿದಳು. ಅವಳಿಂದ ಏನಾದರೂ ದೊಡ್ಡ ಕೆಲಸ ಮಾಡಿಸಬೇಕೆಂದು ಸ್ವಲ್ಪ ದೂರ ಯೋಚಿಸಿ, ಕೈಬಿಟ್ಟು, ಇನ್ನೆರಡು ಸಾಲು ಸೇರಿಸಿದೆ. ತಲಕಾಡಿನ ಮರಳು ಇನ್ನೂ ತಣ್ಣಗಿತ್ತು. ಅವಳು ಅದರ ಮೇಲೆ ಕಾಲು ನೀಡಿ ಕೂತಳು.

ಅವಳನ್ನು ಎಬ್ಬಿಸುವ ಆತುರ ನನಗೂ ಇರಲಿಲ್ಲ.